ಹಳೆ ಎಂಜಿನ್, ಹೊಸ ಬಾಯ್ಲರ್, ಮುಕ್ಕಾಲು ಮಿಲಿಮೀಟರ್

ನನ್ನ ಪುಟ್ಟ ಉಗಿ ಎಂಜಿನ್ನಿನ ಬಾಯ್ಲರಿಗೆ ನೀರಿನ ಪರೀಕ್ಷೆ ನಡೆದಿತ್ತು. ಒತ್ತಡದ ಮುಳ್ಳು 110 ಪೌಂಡ್ ದಾಟಿತ್ತು. ಬೆಂಕಿ ಉರಿಯುವ ಪೆಟ್ಟಿಗೆಯ, ಅಂದರೆ ಫೈರ್‌ಬಾಕ್ಸ್‌ನ, ಎಡಗೋಡೆಯ ಮೇಲೆ ಮೊದಲು ಒಂದು ಹನಿ ಮೂಡಿತು. ಆಮೇಲೆ ಅದರ ಪಕ್ಕದಲ್ಲೇ ಇನ್ನೊಂದು. ನಮ್ಮ ಮಾಡೆಲ್ ಎಂಜಿನ್ ಕ್ಲಬ್ಬಿನ ಬಾಯ್ಲರ್ ಪರೀಕ್ಷಕರು ಪಂಪಿನ ಹಿಡಿ ಬಿಟ್ಟು ಟಾರ್ಚ್ ಹಾಕಿದರು. ಹನಿಯನ್ನು ಬೆರಳಿನಿಂದ ಒರೆಸಿದರು. ಅದು ಮತ್ತೆ ಬಂತು. "ಬೆವರಾಗಿದ್ದರೆ ಒರೆಸಿದಾಗ ಹೋಗುತ್ತಿತ್ತು. ಇದು ಸೋರಿಕೆ" ಅಂದರು. ಎಪ್ಪತ್ತೆಂಟು ದಾಟಿದ ಮನುಷ್ಯ. ಎದುರಿಗೆ ಹೆಸರು ಹಿಡಿದೇ ಮಾತಾಡಿಸುತ್ತೇನೆ, ಇಂಗ್ಲೆಂಡಿನಲ್ಲಿ ಹಾಗೇ. ಮನಸ್ಸಿನಲ್ಲಿ ಮಾತ್ರ ಅವರು ನನಗೆ ಅಜ್ಜ.

ಎಂಜಿನ್ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಮೂರೂವರೆ ಇಂಚು ಗೇಜಿನ 'ರಾಬ್ ರಾಯ್'. ಮಾರ್ಟಿನ್ ಇವಾನ್ಸ್ ಮಾಡಿದ ವಿನ್ಯಾಸ. ಸ್ಕಾಟ್ಲೆಂಡಿನ ಕ್ಯಾಲೆಡೋನಿಯನ್ ರೈಲ್ವೆ ಬಂದರು ಕೆಲಸಕ್ಕೆ ಇಟ್ಟುಕೊಂಡಿದ್ದ ಆರು ಚಕ್ರದ ಪುಟ್ಟ ಟ್ಯಾಂಕ್ ಎಂಜಿನ್ ಇದಕ್ಕೆ ಮಾದರಿ. ಹಳಿಗಳ ನಡುವೆ 89 ಮಿಲಿಮೀಟರ್, ಅಂದರೆ ಅಸಲಿನ ಹದಿನಾರನೇ ಒಂದು ಪಾಲು. ಆಟಿಕೆ ಅಲ್ಲ. ಕಲ್ಲಿದ್ದಲು ಹಾಕಿ, ನೀರು ಕಾಯಿಸಿ, ಹಬೆಯ ಬಲದಲ್ಲೇ ಎರಡು ಮೂರು ಜನರನ್ನು ಎಳೆಯುವ ನಿಜವಾದ ಉಗಿಬಂಡಿ. ಕೆಲಸದ ಒತ್ತಡ ಚದರ ಇಂಚಿಗೆ 80 ಪೌಂಡ್. ಕಟ್ಟಿದವರು ಯಾರೋ ಗೊತ್ತಿಲ್ಲ, ತೀರಿಕೊಂಡು ಬಹಳ ಕಾಲವಾಗಿದೆ. ನನ್ನ ಕೈಗೆ ಬಂದದ್ದು ಮೂರನೇ ಮಾಲೀಕರಿಂದ, ಒಂದು ಹಳೇ ಕಂಬಳಿಯಲ್ಲಿ ಸುತ್ತಿಕೊಂಡು.

ಇಲ್ಲಿ ಕ್ಲಬ್ಬಿನ ಹಳಿಯ ಮೇಲೆ ಓಡಿಸಬೇಕಾದರೆ ಬಾಯ್ಲರಿಗೆ ಸರ್ಟಿಫಿಕೇಟ್ ಬೇಕೇ ಬೇಕು. ತಾಮ್ರದ ಬಾಯ್ಲರಿಗೆ ನಾಲ್ಕು ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ, ಅದರ ಜೊತೆ ವರ್ಷ ವರ್ಷ ಹಬೆಯ ಪರೀಕ್ಷೆ. ನೀರಿನ ಪರೀಕ್ಷೆಯಲ್ಲಿ ಬಾಯ್ಲರನ್ನು ಬಾಯಿತನಕ ತುಂಬಿಸಿ, ಒಳಗೆ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ನೋಡಿಕೊಂಡು, ಕೈಪಂಪಿನಲ್ಲಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸುತ್ತಾರೆ. ನನ್ನದಕ್ಕೆ 120. ನೀರು ಹೆಚ್ಚುಕಮ್ಮಿ ಕುಗ್ಗುವುದಿಲ್ಲ, ಹಾಗಾಗಿ ಎಲ್ಲಾದರೂ ಬಿರಿದರೆ ಒಂದು ಚಿಮ್ಮು ಬಂದು ನಿಲ್ಲುತ್ತದೆ. ಅದೇ ಹಬೆಯಾಗಿದ್ದರೆ ಕತೆ ಬೇರೆ. ಒಂದು ಲೀಟರ್ ನೀರು ಬಯಲಿಗೆ ಬಂದು ಪೂರ್ತಿ ಹಬೆಯಾದರೆ ಸಾವಿರದ ಆರುನೂರು ಲೀಟರಿನಷ್ಟು ಜಾಗ ಕೇಳುತ್ತದೆ.

ಸರಿ, ಸೋರುವ ಜಾಗಕ್ಕೆ ಬೆಸುಗೆ ಹಾಕಿಬಿಡೋಣ ಅಂತ ನಾನು. ಬೇಡ ಅಂತ ಅಜ್ಜ ತಲೆ ಆಡಿಸಿದರು.

ಫೈರ್‌ಬಾಕ್ಸ್ ಅಂದರೆ ಡಬ್ಬಿಯೊಳಗೆ ಡಬ್ಬಿ. ಒಳಗಿನದರಲ್ಲಿ ಬೆಂಕಿ, ಎರಡರ ನಡುವೆ ನೀರು. ಎರಡರ ಗೋಡೆಗಳೂ ಚಪ್ಪಟೆ. ಒತ್ತಡ ಬಂದರೆ ಚಪ್ಪಟೆ ತಗಡು ಹೊಟ್ಟೆ ಉಬ್ಬಿಸುತ್ತದೆ. ಹಾಗಾಗದಂತೆ ಒಳಗೋಡೆಯನ್ನೂ ಹೊರಗೋಡೆಯನ್ನೂ ಹತ್ತಾರು ಕಡ್ಡಿಗಳಿಂದ ಹಿಡಿದಿಟ್ಟಿರುತ್ತಾರೆ. ಅವೇ ಸ್ಟೇಗಳು. ಹಳೆ ಕಾಲದ ಕಟ್ಟುಗಾರರು ಸ್ಟೇಗಳಿಗೆ ತಿರುಪು ಕೊರೆದು, ನಟ್ಟು ಹಾಕಿ, ಅದರ ತಲೆಗೆ ಸೀಸದ ಮೆತು ಬೆಸುಗೆ ಸುರಿದು ಮುಚ್ಚುತ್ತಿದ್ದರು. ಸುಮಾರು 300 ಡಿಗ್ರಿಗೆ ಕರಗುವ ಬೆಸುಗೆ ಅದು. ಬಲ ತಿರುಪಿನದು, ಬೆಸುಗೆಯದು ಬರೀ ನೀರು ತಡೆಯುವ ಕೆಲಸ. ಆಗ ಅದು ತಪ್ಪೇನೂ ಆಗಿರಲಿಲ್ಲ. ತೊಂದರೆ ಬರುವುದು ದುರಸ್ತಿಗೆ ಕೈ ಹಾಕಿದಾಗ. ಬೆಳ್ಳಿ ಬೆಸುಗೆ ಹಿಡಿಯಬೇಕಾದರೆ ತಾಮ್ರ 630 ಡಿಗ್ರಿಯ ಮೇಲೆ ಕೆಂಪಗೆ ಕಾಯಬೇಕು. ಅಷ್ಟು ಕಾವಿಗೆ ಅಲ್ಲಿದ್ದ ಸೀಸ ತಾಮ್ರದ ಮೈಯೊಳಗೇ ಇಳಿದು ಅದನ್ನು ಕೆಡಿಸುತ್ತದೆ. ಆಮೇಲೆ ಆ ಜಾಗಕ್ಕೆ ಬೆಳ್ಳಿ ಹಿಡಿಯುವುದೇ ಇಲ್ಲ. ಒಮ್ಮೆ ಸೀಸ ಮುಟ್ಟಿದ ಬಾಯ್ಲರಿಗೆ ಸೀಸವೇ ಗತಿ. ಒಂದು ಸ್ಟೇ ಸೋರಿತು ಅಂತ ಅದಕ್ಕೆ ಕಾವು ಕೊಟ್ಟರೆ ಪಕ್ಕದ್ದೂ ಕರಗಿ ಸಡಿಲವಾಗುತ್ತದೆ. ಮಾಡಬಾರದು ಅಂತಲ್ಲ, ಮಾಡುವವರಿದ್ದಾರೆ. ನನ್ನ ಎಂಜಿನ್‌ನಲ್ಲಿ ಆ ಹೊತ್ತಿಗೆ ಹನಿ ಕಂಡ ಸ್ಟೇಗಳು ಐದು. ಐದಕ್ಕೆ ಸೀಸ ಬಳಿದು ಮುಂದಿನ ವರ್ಷ ಆರನೆಯದನ್ನು ಕಾಯುವುದು ನನಗೆ ಬೇಡವೆನಿಸಿತು.

ಹೊಸದನ್ನು ನಾನೇ ಕಟ್ಟಬಹುದಿತ್ತೇ? ನಮ್ಮ ಮಲೆನಾಡಿನ ಬಚ್ಚಲಿನ ತಾಮ್ರದ ಹಂಡೆ ನೋಡಿ ಬೆಳೆದವನು ನಾನು. ತಾಮ್ರ ಅಂದರೆ ಏನೋ ಸಲಿಗೆ. ಆದರೆ ಆ ಸಲಿಗೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತಾಮ್ರದ ಒಂದು ಮೂಲೆಗೆ ಕಾವು ಕೊಟ್ಟರೆ ಅದನ್ನು ಇಡೀ ಮೈಗೆ ಹಂಚಿಬಿಡುತ್ತದೆ. ಹೊಗೆಕೊಳವೆಗಳನ್ನು ಕೂರಿಸುವ ಹೊತ್ತಿಗೆ ಪೂರ್ತಿ ಬಾಯ್ಲರೇ ಕೆಂಪಗಿರಬೇಕು. ಅದಕ್ಕೆ ದೊಡ್ಡ ಪ್ರೊಪೇನ್ ಉರಿಗಳು ಬೇಕು, ಜೊತೆಗೆ ಎರಡನೇ ಜೋಡಿ ಕೈ ಬೇಕು. ನನ್ನ ಗ್ಯಾರೇಜಿನಲ್ಲಿ ಇವೆರಡೂ ಇರಲಿಲ್ಲ. ವೃತ್ತಿಯಿಂದಲೇ ಇದನ್ನು ಮಾಡುವವರೊಬ್ಬರಿಗೆ ನಕ್ಷೆ ಕಳಿಸಿದೆ. ಬೆಲೆ ಸಾವಿರ ಪೌಂಡ್ ದಾಟಿತು. ಕಾಯುವಿಕೆ ಏಳು ತಿಂಗಳು. ನವೆಂಬರಿನಲ್ಲಿ ಪೆಟ್ಟಿಗೆ ಬಂತು. ಜೊತೆಗೆ ಎರಡು ಪಟ್ಟು ಒತ್ತಡದಲ್ಲಿ, ಅಂದರೆ 160 ಪೌಂಡಿನಲ್ಲಿ, ಪರೀಕ್ಷೆ ಮಾಡಿದ ಕಾಗದ. ಬಾಯ್ಲರಿನ ಮೇಲೆ ಅಚ್ಚೊತ್ತಿದ ನಂಬರು, ಕಾಗದದ ಮೇಲೂ ಅದೇ ನಂಬರು. ಫಿಟಿಂಗುಗಳು ಕೂರುವ ಬುಷ್‌ಗಳೆಲ್ಲ ಕಂಚಿನವು. ಹಿತ್ತಾಳೆ ಹಾಕಿದ್ದರೆ ಬಿಸಿನೀರಿನಲ್ಲಿ ವರ್ಷಗಟ್ಟಲೆ ನೆನೆದು ಅದರೊಳಗಿನ ಸತು ಬಿಟ್ಟುಹೋಗಿ, ಕೊನೆಗೆ ರಸ್ಕಿನಂತೆ ಪುಡಿಯಾಗುತ್ತದೆ.

ದುಡ್ಡು ಕೊಟ್ಟೆ, ಸಾಮಾನು ಬಂತು, ಇನ್ನೇನು ಕ್ರಿಸ್‌ಮಸ್ ಹೊತ್ತಿಗೆ ಓಡಿಸಬಹುದು ಅಂದುಕೊಂಡಿದ್ದೆ. ಓಡಿದ್ದು ಏಪ್ರಿಲ್‌ನಲ್ಲಿ.

ಹಳೆಯದನ್ನು ಬಿಚ್ಚುವಾಗಲೇ ಎರಡು ವಾರ ಹೋಯಿತು. ಹಿತ್ತಾಳೆ ಹೊದಿಕೆ ತೆಗೆದರೆ ಕೆಳಗೆ ಬೂದುಬಣ್ಣದ ನಾರು. ಹಳೇ ಮಾಡೆಲ್‌ಗಳಲ್ಲಿ ಶಾಖ ತಡೆಯಲು ಕಲ್ನಾರು ಸುತ್ತುವುದು ಮಾಮೂಲಿಯಾಗಿತ್ತು. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಷೇಧವಾದದ್ದು 1999ರಲ್ಲಿ. ಕೈ ತೆಗೆದೆ. ನೀರು ಚಿಮುಕಿಸಿ, ಚೂರು ಮಾದರಿಯನ್ನು ಎರಡು ಚೀಲದಲ್ಲಿ ಕಟ್ಟಿ ಲ್ಯಾಬಿಗೆ ಕಳಿಸಿದೆ. ಬರೀ ಗಾಜಿನ ನಾರು ಅಂತ ಉತ್ತರ ಬಂತು. ಕಳೆದ ಎರಡು ವಾರದ ಬಗ್ಗೆ ನನಗೆ ಬೇಸರವಿಲ್ಲ. ಆ ಬೂದು ನಾರನ್ನು ಊದಿ, ಉಜ್ಜಿ ತೆಗೆಯುವವರನ್ನು ನೋಡಿದರೆ ಮಾತ್ರ ಈಗಲೂ ಎದೆ ಝಲ್ಲೆನ್ನುತ್ತದೆ.

ಪ್ರತಿ ಪೈಪು ಬಿಚ್ಚುವ ಮುಂಚೆ ಫೋಟೋ ತೆಗೆದೆ. ಪ್ರತಿ ನಟ್ಟು ಬೇರೆ ಬೇರೆ ಡಬ್ಬಿಗೆ. ತಿರುಪುಗಳೆಲ್ಲ ಇಂಚಿಗೆ 40 ಅಥವಾ 32 ಸುತ್ತಿನ ಮಾಡೆಲ್ ಎಂಜಿನಿಯರ್ ಅಳತೆಯವು. ಮಿಲಿಮೀಟರ್ ತಿರುಪಿಗೆ ಒಗ್ಗಿದ ಕೈ ಇಲ್ಲಿ ಸುಮ್ನೆ ಬಲ ಹಾಕಿದರೆ ಬುಷ್‌ನ ತಿರುಪು ಹಾಳು. ಫೈರ್‌ಬಾಕ್ಸ್‌ನ ಎರಡು ಪಕ್ಕದಲ್ಲೂ ಒಂದೊಂದು ಆಧಾರದ ಪಟ್ಟಿ ಇತ್ತು. ಎರಡನ್ನೂ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದಿದ್ದರು. ಆ ಬೋಲ್ಟ್‌ಗಳು ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ನೋಡಿದರೆ ನಾಲ್ಕರಲ್ಲಿ ಮೂರು ಸೊಟ್ಟ. ಯಾರೋ ಹೊಡೆದಿರಬೇಕು ಅಂದುಕೊಂಡು ಡಬ್ಬಿಗೆ ಎಸೆದೆ.

ಹೊಸ ಬಾಯ್ಲರನ್ನು ಚೌಕಟ್ಟಿನ ಮೇಲಿಟ್ಟಾಗ ನಿಜವಾದ ಕೆಲಸ ಶುರುವಾಯಿತು. ಅದು ಕೂರಲಿಲ್ಲ. ನಕ್ಷೆ ತಂದು ಅಳೆದೆ. ಹೊಸ ಬಾಯ್ಲರ್ ನಕ್ಷೆಯಂತೆಯೇ ಇತ್ತು. ಇಲ್ಲದ್ದು ಹಳೆಯದು! ಮೊದಲ ಕಟ್ಟುಗಾರರ ಫೈರ್‌ಬಾಕ್ಸ್ ನಕ್ಷೆಗಿಂತ 2 ಮಿಲಿಮೀಟರ್ ಕಿರಿದು, ಬ್ಯಾರೆಲ್ (ಬಾಯ್ಲರಿನ ಮುಂದಿನ ದುಂಡು ಕೊಳವೆ) ಒಂದು ಚೂರು ದಪ್ಪ. ಕೈಯಲ್ಲಿದ್ದ ತಗಡು, ಕೊಳವೆ ಬಳಸಿರಬೇಕು. ಆಮೇಲೆ ಉಳಿದ ಎಲ್ಲವನ್ನೂ ಅವರು ನಕ್ಷೆಗಲ್ಲ, ತಮ್ಮ ಬಾಯ್ಲರಿಗೆ ಹೊಂದಿಸಿಕೊಂಡಿದ್ದರು. ಪಕ್ಕದ ನೀರಿನ ಟ್ಯಾಂಕು, ಕ್ಯಾಬಿನ ಮುಂಭಾಗ, ಚಿಮಣಿಯ ಕೆಳಗಿನ ಹೊಗೆಪೆಟ್ಟಿಗೆ ಅಂದರೆ ಸ್ಮೋಕ್‌ಬಾಕ್ಸ್, ಬೂದಿ ತಟ್ಟೆ, ಎಲ್ಲ. ಇದರಲ್ಲಿ ಅವರ ತಪ್ಪೇನಿಲ್ಲ. ಒಬ್ಬರೇ ಕಟ್ಟುವ ಎಂಜಿನ್ ಹಾಗೇ ಬೆಳೆಯುತ್ತದೆ. ಆದರೆ ಹೊಸ ಬಾಯ್ಲರ್ ತರಿಸುವ ಮುಂಚೆ ನಾನು ಅಳೆಯಬೇಕಾಗಿದ್ದದ್ದು ನಕ್ಷೆಯನ್ನಲ್ಲ, ಎಂಜಿನ್ನನ್ನು. ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ಹಾಗಂತ ಬಾಯ್ಲರನ್ನು ಉಜ್ಜಿ ಸಣ್ಣ ಮಾಡುವಂತಿಲ್ಲ. ಉಜ್ಜುವುದೇನಿದ್ದರೂ ಬೇರೆಯದನ್ನು. ಚೌಕಟ್ಟಿನ ಒಳಗಡೆ ಚಾಚಿಕೊಂಡಿದ್ದ ಬೋಲ್ಟ್ ತಲೆಗಳನ್ನು ತೆಗೆದು ಮೇಲ್ಮೈಗೆ ಸಮವಾಗಿ ಕೂರುವ ಸ್ಕ್ರೂ ಹಾಕಿದೆ. ಫೈರ್‌ಬಾಕ್ಸ್‌ಗೆ ಎರಡೂ ಕಡೆ ಒಂದೊಂದು ಮಿಲಿಮೀಟರ್ ಬಿಡುವು ಸಿಕ್ಕಿತು. ಸ್ಮೋಕ್‌ಬಾಕ್ಸ್ ಹಳೇ ದಪ್ಪ ಬ್ಯಾರೆಲ್‌ಗೆ ಕೊರೆದದ್ದು, ಹೊಸದರ ಮೇಲೆ ಗಲಗಲ ಅನ್ನುತ್ತಿತ್ತು. ಲೇತ್‌ನಲ್ಲಿ ತೆಳ್ಳಗಿನ ಹಿತ್ತಾಳೆ ಬಳೆ ತಿರುಗಿಸಿ ನಡುವೆ ತೂರಿಸಿದೆ. ಬಳೆ ತೊಡಿಸಿದ ಹಾಗೆಯೇ, ಒತ್ತಿದರೆ ಮಾತ್ರ ಹೋಗಬೇಕು. ಟ್ಯಾಂಕುಗಳಿಗೆ ಜಾಗ ಸಾಲದೆ ಹೊದಿಕೆಯ ನಾರನ್ನು 5 ಮಿಲಿಮೀಟರಿನಿಂದ 3ಕ್ಕೆ ಇಳಿಸಿದೆ. ಕೂರಿಸುವುದು, ಗುರುತು ಹಾಕುವುದು, ತೆಗೆಯುವುದು, ಅರ ಹಾಕುವುದು, ಮತ್ತೆ ಕೂರಿಸುವುದು. ಹದಿನೆಂಟು ಸಲದವರೆಗೆ ಲೆಕ್ಕ ಇಟ್ಟಿದ್ದೆ.

ಈಗ ಆ ಸೊಟ್ಟ ಬೋಲ್ಟ್‌ಗಳ ವಿಷಯ. ಹೊಸ ಆಧಾರದ ಪಟ್ಟಿಗೆ ತೂತು ಹಾಕಲು ಹೊರಟಿದ್ದೆ. ಹಳೆಯದರಂತೆಯೇ ಬಿಗಿದರಾಯಿತು ಅಂತ. ಆ ಸಂಜೆ ಅಜ್ಜ ಚಹಾಕ್ಕೆ ಬಂದಿದ್ದರು. ಡಬ್ಬಿಯಲ್ಲಿ ಏನೋ ಹುಡುಕುತ್ತಾ ಬೋಲ್ಟ್‌ಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇವು ಎಲ್ಲಿಯವು?" ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಿಸಿಯಾದಾಗ ನಿನ್ನ ಬಾಯ್ಲರ್ ಎಷ್ಟು ಬೆಳೆಯುತ್ತದೆ?"

ಕಾಗದ ತೆಗೆದು ಲೆಕ್ಕ ಹಾಕಿದೆವು. ತಾಮ್ರ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 17 ಪಾಲು ಹಿಗ್ಗುತ್ತದೆ. 80 ಪೌಂಡ್ ಒತ್ತಡದ ಹಬೆಯ ಶಾಖ 162 ಡಿಗ್ರಿ. ಗ್ಯಾರೇಜಿನ ಶಾಖ 20 ಅಂದುಕೊಂಡರೆ ಏರಿಕೆ 142. ಸ್ಮೋಕ್‌ಬಾಕ್ಸ್‌ನ ಪೀಠದಿಂದ ಫೈರ್‌ಬಾಕ್ಸ್‌ನ ಹಿಂಬದಿಯವರೆಗೆ ಸುಮಾರು 300 ಮಿಲಿಮೀಟರ್. ಗುಣಿಸಿದರೆ 0.72. ಮುಕ್ಕಾಲು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಉಕ್ಕಿನ ಚೌಕಟ್ಟೂ ತುಸು ಬಿಸಿಯಾಗುತ್ತದೆ, ಆದರೆ ಬಾಯ್ಲರಿನಷ್ಟು ಅಲ್ಲ. ಅದಲ್ಲದೆ ಉಕ್ಕು ಹಿಗ್ಗುವುದೂ ತಾಮ್ರಕ್ಕಿಂತ ಕಡಿಮೆ.

ಕಾಗದದ ಮೇಲೆ ಮುಕ್ಕಾಲು ಮಿಲಿಮೀಟರ್ ಏನೂ ಅಲ್ಲ. ಎರಡು ತುದಿಯಲ್ಲೂ ಬಿಗಿದ ಬಾಯ್ಲರಿಗೆ ಅದು ಪ್ರತಿ ಭಾನುವಾರದ ಗುದ್ದಾಟ. ಬಿಸಿಯಾದಾಗ ಹಿಂದಕ್ಕೆ ನೂಕುತ್ತದೆ, ತಣ್ಣಗಾದಾಗ ಎಳೆದುಕೊಳ್ಳುತ್ತದೆ. ಮಣಿಯಬೇಕಾದದ್ದು ಬೋಲ್ಟೋ, ಚೌಕಟ್ಟೋ, ಇಲ್ಲಾ ಬಾಯ್ಲರೇ. ದೊಡ್ಡ ಉಗಿಬಂಡಿಗಳಲ್ಲೂ ಇದಕ್ಕೇ ಬಾಯ್ಲರನ್ನು ಮುಂದೆ ಸ್ಮೋಕ್‌ಬಾಕ್ಸ್ ಹತ್ತಿರ ಮಾತ್ರ ಗಟ್ಟಿಯಾಗಿ ಕಟ್ಟಿ, ಹಿಂದೆ ಜಾರಲು ಬಿಡುತ್ತಾರೆ. ಮೇಲಕ್ಕೆ ಏಳಬಾರದು, ಪಕ್ಕಕ್ಕೆ ಸರಿಯಬಾರದು, ಹಿಂದೆ ಮುಂದೆ ಮಾತ್ರ ಹೋಗಬೇಕು. ಹೊಸ ಪಟ್ಟಿಗಳಿಗೆ ತೂತಿನ ಬದಲು ಉದ್ದನೆಯ ಸೀಳು ಕೊರೆದೆ. ಅದರ ಮೇಲೆ ಒಂದು ಹಿಡಿತದ ತುಂಡು, ಕೆಳಗೆ ಕಾಗದದಷ್ಟು ಬಿಡುವು. ತಣ್ಣಗಿದ್ದಾಗ ಕೈಯಿಂದ ನೂಕಿ ನೋಡಿದೆ. ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಹೆಮ್ಮೆಯಾಯಿತು. ಆ ಹೆಮ್ಮೆ ಏಪ್ರಿಲ್‌ವರೆಗೆ ಇತ್ತು.

ಫಿಟಿಂಗುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದು ಎಚ್ಚರಿಕೆ ಬಿಟ್ಟು. ತಿರುಪು ಸೋರದಂತೆ ನಲ್ಲಿ ಕೆಲಸದ ಬಿಳಿ ಟೇಪ್ ಸುತ್ತುವ ಅಭ್ಯಾಸ ಎಲ್ಲರಿಗೂ ಇದೆ. ಇಲ್ಲಿ ಅದನ್ನು ಸುತ್ತಲೇ ಬೇಡಿ. ಅದರ ಒಂದು ಎಳೆ ಕಿತ್ತುಬಂದು, ನೀರನ್ನು ಬಾಯ್ಲರಿನ ಒಳಕ್ಕೆ ಮಾತ್ರ ಬಿಡುವ ಕ್ಲ್ಯಾಕ್ ವಾಲ್ವಿನ ಗುಂಡಿನ ಕೆಳಗೆ ಕೂತರೆ ಬಾಯ್ಲರಿನ ಬಿಸಿನೀರು ವಾಪಸ್ ಬರುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ದಾರಿಗೆ ಅಡ್ಡ ಕೂತರೆ ಅದಕ್ಕಿಂತ ಕೆಟ್ಟದ್ದು. ಗಾಜಿನಲ್ಲಿ ಅರ್ಧ ನೀರು ಕಾಣುತ್ತಿರುತ್ತದೆ, ಒಳಗೆ ಬೆಂಕಿಯ ನೆತ್ತಿಯ ಮೇಲೆ ನೀರೇ ಇರುವುದಿಲ್ಲ. ನಾನು ದ್ರವದ ಸೀಲಂಟ್ ಬಳಸಿದೆ, ಅದೂ ತಿರುಪಿನ ಮೊದಲ ಎರಡು ಸುತ್ತು ಬಿಟ್ಟು.

ಮಾರ್ಚ್ ಕೊನೆಯಲ್ಲಿ ಎಲ್ಲ ಫಿಟಿಂಗುಗಳ ಜೊತೆ 120 ಪೌಂಡಿನ ನೀರಿನ ಪರೀಕ್ಷೆ. ಹನಿ ಇಲ್ಲ. ಅಜ್ಜ ಒತ್ತಡದ ಮಾಪಕವನ್ನು ತಮ್ಮ ಮಾಪಕದ ಪಕ್ಕ ಇಟ್ಟು ಹೋಲಿಸಿದರು. ಸಹಿ ಹಾಕಿದರು.

ಮೊದಲ ಬೆಂಕಿ ಏಪ್ರಿಲ್ ಎರಡನೇ ಶನಿವಾರ. ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು, ಚಿಮಣಿಯ ಮೇಲೆ ಪುಟ್ಟ ಕರೆಂಟ್ ಫ್ಯಾನು. ಫ್ಯಾನ್ ಇದ್ದಾಗ ಒತ್ತಡ ಚೆನ್ನಾಗಿ ಏರಿತು. ಫ್ಯಾನ್ ತೆಗೆದು ಎಂಜಿನ್ನಿನದೇ ಬ್ಲೋವರ್, ಅಂದರೆ ಚಿಮಣಿಗೆ ಹಬೆ ಚಿಮ್ಮಿಸುವ ಕೊಳವೆ, ಹಚ್ಚಿದೆ. 40ಕ್ಕೆ ಬಂದು ನಿಂತಿತು. ಮತ್ತೆ ಇಳಿಯತೊಡಗಿತು. ಬೆಂಕಿ ಮಂಕಾಯಿತು.

ಬೆಂಕಿಗೆ ಗಾಳಿ ಎಳೆಯುವುದು ಸ್ಮೋಕ್‌ಬಾಕ್ಸ್. ಕೆಳಗಿನ ತೂತಿನಿಂದ ಹಬೆ ಚಿಮಣಿಗೆ ಚಿಮ್ಮುತ್ತದೆ, ಜೊತೆಗೆ ಸುತ್ತಲಿನ ಹೊಗೆಯನ್ನು ಎಳೆದೊಯ್ಯುತ್ತದೆ, ಆ ಖಾಲಿ ಜಾಗ ತುಂಬಲು ಕೊಳವೆಗಳ ಮೂಲಕ ಬೆಂಕಿಯ ಕಡೆಯಿಂದ ಗಾಳಿ ಬರುತ್ತದೆ. ಸ್ಮೋಕ್‌ಬಾಕ್ಸ್‌ಗೇ ಬೇರೆ ಕಿಂಡಿ ಇದ್ದರೆ ಗಾಳಿ ಬೆಂಕಿಯ ಮೂಲಕ ಯಾಕೆ ಬಂದೀತು? ಹತ್ತಿರದ ದಾರಿ ಹಿಡಿಯುತ್ತದೆ. ಉರಿಯುವ ಊದುಬತ್ತಿಯನ್ನು ಸುತ್ತಲೂ ಆಡಿಸಿದೆ. ಹೊಗೆ ಎರಡು ಕಡೆ ಒಳಕ್ಕೆ ಎಳೆದುಕೊಂಡು ಹೋಯಿತು. ಒಂದು, ತಳದಲ್ಲಿ ಸಿಲಿಂಡರಿಗೆ ಹೋಗುವ ಪೈಪಿನ ಸುತ್ತ. ಇನ್ನೊಂದು, ನನ್ನ ಹಿತ್ತಾಳೆ ಬಳೆಯ ಕೆಳಭಾಗ. ಎರಡಕ್ಕೂ ಬೆಂಕಿ ತಾಳುವ ಸಿಮೆಂಟ್ ಮೆತ್ತಿದೆ. ಅದೇ ಹೊತ್ತಿಗೆ ಹಬೆ ಚಿಮ್ಮುವ ಮೂತಿಗೆ ನೇರ ಕಡ್ಡಿ ಸಿಕ್ಕಿಸಿ ಚಿಮಣಿಯೊಳಗಿಂದ ನೋಡಿದರೆ ಅದು 2 ಮಿಲಿಮೀಟರ್ ಎಡಕ್ಕೆ. ಚಿಮಣಿಯ ನಟ್ಟು ಸಡಿಲಿಸಿ ಕಡ್ಡಿಗೆ ಸರಿಯಾಗಿ ಮತ್ತೆ ಕೂರಿಸಿದೆ.

ಮುಂದಿನ ಶನಿವಾರ 80 ಮುಟ್ಟಿತು. ಒಂದು ಸುತ್ತು ಓಡಿತು ಕೂಡ. ಎರಡನೇ ಸುತ್ತಿಗೆ ಎಡಗಡೆಯ ಕ್ಲ್ಯಾಕ್ ವಾಲ್ವಿನ ಯೂನಿಯನ್‌ನಿಂದ, ಅಂದರೆ ಪೈಪು ಸೇರುವ ನಟ್ಟಿನ ಜೋಡಣೆಯಿಂದ, ಹಬೆ ಸಿಳ್ಳೆ ಹಾಕತೊಡಗಿತು. ಬಿಗಿದೆ. ನಿಲ್ಲಲಿಲ್ಲ. ತಣ್ಣಗಾದ ಮೇಲೆ ನೋಡಿದರೆ ಏನೂ ಇಲ್ಲ, ಒಣಗಿಕೊಂಡು ಕೂತಿದೆ. ಮೂರು ದಿನ ನಿಪ್ಪಲ್ ಬದಲಿಸಿದೆ, ಕೋನ್ ಉಜ್ಜಿದೆ, ಬೈದೆ. ಕೊನೆಗೆ ಹೊಳೆಯಿತು. ಬಾಯ್ಲರಿಗೆ ಜಾರಲು ಹಿಂದೆ ಜಾಗ ಕೊಟ್ಟಿದ್ದೆ. ಆದರೆ ಆ ನೀರಿನ ಪೈಪು ಚೌಕಟ್ಟಿನ ಕ್ಲಿಪ್‌ನಿಂದ ಬ್ಯಾರೆಲ್‌ಗೆ ನೇರವಾಗಿ, ಗಿಡ್ಡವಾಗಿ, ಅಂದವಾಗಿ ಹೋಗುತ್ತಿತ್ತು. ಬ್ಯಾರೆಲ್ ಹಿಂದಕ್ಕೆ ಸರಿದಾಗ ಪೈಪು ಯೂನಿಯನ್ನಿನ ಒಂದು ಬದಿಯನ್ನು ಎಳೆಯುತ್ತಿತ್ತು. ಊರಿಗೆಲ್ಲ ಬಾಗಿಲು ತೆಗೆದು ಕಿಟಕಿಗೆ ಮೊಳೆ ಹೊಡೆದ ಹಾಗೆ. ಪೈಪು ಕಿತ್ತು, ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ನಡುವೆ ಒಂದು ದೊಡ್ಡ ಬಳುಕು ಕೊಟ್ಟು ಹಾಕಿದೆ. ನೋಡಲು ಅಷ್ಟು ಚೆನ್ನಾಗಿಲ್ಲ. ಸಿಳ್ಳೆ ಇಲ್ಲ.

ಉಳಿದದ್ದು ಅಧಿಕೃತ ಹಬೆಯ ಪರೀಕ್ಷೆ. ಬೆಂಕಿ ಪೂರ್ತಿ ಉರಿಸಿ, ಬ್ಲೋವರ್ ಬಿಟ್ಟು, ಎಂಜಿನ್ ಓಡಿಸದೆ ನಿಲ್ಲಿಸಬೇಕು. ಎಷ್ಟೇ ಹಬೆ ಹುಟ್ಟಿದರೂ ಸೇಫ್ಟಿ ವಾಲ್ವ್ ಅದನ್ನು ಹೊರಗೆ ಕಳಿಸುತ್ತಿರಬೇಕು. ಒತ್ತಡ ಹತ್ತನೇ ಒಂದು ಪಾಲಿಗಿಂತ ಮೇಲೆ ಹೋಗಬಾರದು, ಅಂದರೆ 88. ನನ್ನದು 91ಕ್ಕೆ ಹೋಯಿತು. ಅಜ್ಜ ಒಂದು ಮಾತೂ ಆಡದೆ ಬೆಂಕಿ ಕೆಡವಲು ಕೈಸನ್ನೆ ಮಾಡಿದರು. ವಾಲ್ವ್ ಹಳೆಯದು, ನಾನೇ ಉಳಿಸಿಕೊಂಡದ್ದು. ನಲವತ್ತು ಪೌಂಡ್ ದುಡ್ಡು ಉಳಿಸಲು. ಹೊಸ ಬಾಯ್ಲರಿನ ಹಬೆ ಹುಟ್ಟಿಸುವ ಶಕ್ತಿ ಹಳೆಯದಕ್ಕಿಂತ ಹೆಚ್ಚು, ವಾಲ್ವಿನ ಮುಚ್ಚಳದಲ್ಲಿ ಹಬೆ ಹೊರಡುವ ಜಾಗ ಮಾತ್ರ ಹಳೆಯದೇ. ಸರಿಯಾದ ಅಳತೆಯ ಹೊಸದನ್ನು ಹಾಕಿದ ಮೇಲೆ 84ಕ್ಕೆ ನಿಂತಿತು. ಇಂಜೆಕ್ಟರಿನಿಂದ (ಹಬೆಯ ಬಲದಲ್ಲೇ ಬಾಯ್ಲರಿಗೆ ನೀರು ನೂಕುವ ಸಾಧನ) ಒಂದು ಸಲ, ಕೈಪಂಪಿನಿಂದ ಒಂದು ಸಲ ನೀರು ಹೋಗುವುದನ್ನು ತೋರಿಸಿದೆ. ಗಾಜಿನ ನಲ್ಲಿ ಊದಿಸಿ ಮಟ್ಟ ವಾಪಸ್ ಬರುವುದನ್ನು ತೋರಿಸಿದೆ. ಕಾಗದ ಸಿಕ್ಕಿತು.

ಬೇಸಿಗೆಯಲ್ಲಿ ಹಳೇ ಬಾಯ್ಲರನ್ನು ಗರಗಸದಿಂದ ಉದ್ದಕ್ಕೆ ಸೀಳಿದೆವು. ನನಗೆ ಒಂದು ಅನುಮಾನ ಇತ್ತಲ್ಲ, ಬೋಲ್ಟ್ ಬಿಗಿದದ್ದರಿಂದಲೇ ಸ್ಟೇಗಳು ಸೋರಿದವು ಅಂತ. ಸೋರಿದ ಐದರಲ್ಲಿ ಮೂರು ಆಧಾರದ ಪಟ್ಟಿಯ ಹತ್ತಿರದವೇ. ಆದರೆ ಉಳಿದೆರಡು ಬೆಂಕಿಬಾಗಿಲಿನ ಪಕ್ಕ, ಪಟ್ಟಿಗೂ ಅವಕ್ಕೂ ಸಂಬಂಧವೇ ಇಲ್ಲ. ಅಲ್ಲಿ ನೀರಿನ ಬದಿಯಲ್ಲಿ ದಪ್ಪಗೆ ಸುಣ್ಣದ ಪೊರೆ ಕಟ್ಟಿತ್ತು, ಈ ಊರಿನ ಗಡಸು ನೀರಿನದು. ಅಜ್ಜ ಅರ್ಧ ಬಾಯ್ಲರನ್ನು ಕ್ಲಬ್ಬಿನ ಶೆಡ್ಡಿನಲ್ಲಿ ಹೊಸಬರಿಗೆ ತೋರಿಸಲು ತೆಗೆದುಕೊಂಡು ಹೋದರು. ಇನ್ನರ್ಧ ನನ್ನ ಗ್ಯಾರೇಜಿನ ಕಪಾಟಿನ ಮೇಲಿದೆ, ಮೂರು ಸೊಟ್ಟ ಬೋಲ್ಟ್‌ಗಳ ಜೊತೆ. ಮನೆಯ ಹಿಂದೆ ಮಳೆನೀರು ಹಿಡಿಯಲು ಒಂದು ಡ್ರಮ್ ಇಟ್ಟಿದ್ದೇನೆ. ಎಂಜಿನ್‌ಗೆ ಈಗ ಆ ನೀರೇ.